ರೈಲಿನ ದಾರಿ, ಬಾಜಿಯ ದಾರಿ

ಎರಡು ಭಾನುವಾರಗಳ ಲೆಕ್ಕ ಬಹಳ ದಿನ ನನಗೆ ತಾಳೆಯಾಗಿರಲಿಲ್ಲ. ಎರಡೂ ದಿನ ಹೊರಟದ್ದು ಒಂದೇ ಜಾಗದಿಂದ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಸಿಗುವ ಮಿಲ್ ವ್ಯಾಲಿ ಎಂಬ ಊರಿನ ಹಳೆಯ ರೈಲು ನಿಲ್ದಾಣದ ಮುಂದಿನ ಚೌಕ ಅದು. ಎರಡೂ ದಿನ ಕೈಗಡಿಯಾರ ತೋರಿಸಿದ ದೂರ 12 ಕಿಲೋಮೀಟರಿನ ಆಸುಪಾಸು, ಏರಿದ ಎತ್ತರ 700 ಮೀಟರಿನ ಆಸುಪಾಸು. ಮೊದಲ ಭಾನುವಾರ ಟ್ಯಾಮಲ್‌ಪಾಯಿಸ್ ಬೆಟ್ಟದ ಪೂರ್ವ ಶಿಖರದ ಬುಡದವರೆಗೆ ಒಂದು ಹೆಜ್ಜೆಯೂ ನಡೆಯದೆ ಓಡಿದ್ದೆ. ಒಂದೂವರೆ ಗಂಟೆಯ ಮೇಲೆ ನಾಲ್ಕೈದು ನಿಮಿಷ ಹಿಡಿದಿತ್ತು, ಮಾತನಾಡುವಷ್ಟು ಉಸಿರು ಉಳಿದಿತ್ತು. ಮುಂದಿನ ಭಾನುವಾರ ಅದೇ ಬೆಟ್ಟದ ಹೆಗಲು ದಾಟಿ ಸಮುದ್ರದ ಕಡೆಯ ಸ್ಟಿನ್ಸನ್ ಬೀಚಿಗೆ ಇಳಿದೆ. ಅದರಲ್ಲಿ ಏರಿದಷ್ಟೇ ಇಳಿಜಾರೂ ಇತ್ತು, ಲೆಕ್ಕದ ಪ್ರಕಾರ ಬೇಗ ಮುಗಿಯಬೇಕಿತ್ತು. ಎರಡು ಗಂಟೆ ಮೀರಿತು. ಅರ್ಧಕ್ಕರ್ಧ ನಡೆದಿದ್ದೆ, ಮರಳಿನ ಮೇಲೆ ಕುಳಿತಾಗ ತೊಡೆ ನಡುಗುತ್ತಿತ್ತು.

ಇದು ನನ್ನೊಳಗೇ ಉಳಿದು ಮರೆತುಹೋಗುತ್ತಿತ್ತೇನೋ. ಆದರೆ ರಸ್ತೆ ಓಟದಲ್ಲಿ ಪಳಗಿದ ಗೆಳೆಯರೊಬ್ಬರು "ನೀವು ಬೆಟ್ಟದಲ್ಲಿ ಓಡುತ್ತೀರಲ್ಲ, ಒಂದು ರೂಟ್ ಕಳುಹಿಸಿ" ಎಂದಾಗ, ಎರಡೂ ಜಿಪಿಎಸ್ ಕಡತಗಳನ್ನು ಕಳುಹಿಸಿ, "ದೂರ, ಏರು ಎರಡೂ ಒಂದೇ, ಯಾವುದಾದರೂ ಆಗುತ್ತದೆ" ಎಂದು ಬರೆದಿದ್ದೆ. ಅವರು ಎರಡನೆಯದನ್ನು ಆರಿಸಿಕೊಂಡರು. ಮಧ್ಯಾಹ್ನ ಸಂದೇಶ ಬಂತು: "ನೀವು ಕಳುಹಿಸಿದ್ದು ಓಡುವ ದಾರಿಯೋ, ಹಳೆಯ ಸೇಡೋ?" ನಗುವ ಮುಖವೇನೂ ಜೊತೆಯಲ್ಲಿರಲಿಲ್ಲ. ಅಂದಿನಿಂದ ಈ ಪ್ರಶ್ನೆ ಕಾಲಿಗೆ ಕಟ್ಟಿಕೊಂಡಿದೆ. ಎರಡು ಅಂಕಿಗಳೂ ಒಂದೇ ಆಗಿರುವ ಎರಡು ದಾರಿಗಳು ಇಷ್ಟು ಬೇರೆಯಾಗುವುದು ಹೇಗೆ?

ನೆಲದ ಗುಣ, ಬೇರು, ಕಲ್ಲು, ಮೆಟ್ಟಿಲು ಎಂದು ಕಾರಣಗಳ ಪಟ್ಟಿ ಕೊಡಬಹುದು. ಅವೆಲ್ಲ ನಿಜವೇ. ಆದರೆ ಈ ಬೆಟ್ಟದಲ್ಲಿ ಓಡಿದಷ್ಟೂ ನನಗೆ ಬೇರೆಯೊಂದು ಮುಖ್ಯ ಎನ್ನಿಸತೊಡಗಿದೆ. ಇಲ್ಲಿ ನಾವು ಓಡುವ ಹಳೆಯ ದಾರಿಗಳಲ್ಲಿ ಹೆಚ್ಚಿನವನ್ನು ಬೆಟ್ಟದ ಓಟಗಾರರಿಗೆಂದು ಹಾಕಿದ್ದಲ್ಲ. ಯಾರೋ ಇನ್ಯಾವುದೋ ಕೆಲಸಕ್ಕೆ ಹಾಕಿದರು, ಆ ಕೆಲಸ ನಿಂತುಹೋಯಿತು, ದಾರಿ ಉಳಿಯಿತು. ಅದರ ಏರಿನಲ್ಲಿ ಆ ಹಳೆಯ ಕೆಲಸ ಇನ್ನೂ ಕುಳಿತಿದೆ.

ಉಗಿಬಂಡಿಯ ಏರು

ಮೊದಲ ಭಾನುವಾರದ ದಾರಿಯ ಹೆಸರೇ ಓಲ್ಡ್ ರೈಲ್‌ರೋಡ್ ಗ್ರೇಡ್. 1896ರಿಂದ 1930ರವರೆಗೆ ಮಿಲ್ ವ್ಯಾಲಿಯಿಂದ ಶಿಖರದ ಹತ್ತಿರದವರೆಗೆ ಪ್ರವಾಸಿಗರನ್ನು ಹೊತ್ತ ರೈಲು ಓಡುತ್ತಿತ್ತು. ಜಗತ್ತಿನ ಅತ್ಯಂತ ವಕ್ರ ರೈಲುದಾರಿ ಎಂದು ಜಾಹೀರಾತು ಮಾಡುತ್ತಿದ್ದರು. 13 ಕಿಲೋಮೀಟರಿನಲ್ಲಿ 281 ತಿರುವುಗಳಿದ್ದವು ಎಂದರೆ ಆ ಜಂಬಕ್ಕೆ ಆಧಾರ ಇತ್ತು ಎನ್ನಬೇಕು. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಜಾರದೆ ಏರಬೇಕಾದರೆ ದಾರಿ ಕಡಿದಾಗಿರುವಂತಿಲ್ಲ. ಅತಿ ಹೆಚ್ಚೆಂದರೆ ನೂರು ಮೀಟರ್ ಮುಂದೆ ಹೋದರೆ ಏಳು ಮೀಟರ್ ಮೇಲೆ, ಅಷ್ಟೇ. ಒಂದು ಕಡೆ ಎತ್ತರ ಗಳಿಸಲು ಬೇರೆ ಉಪಾಯವಿಲ್ಲದೆ ಹಳಿಯನ್ನು ಐದು ಸಲ ಅಕ್ಕಪಕ್ಕದಲ್ಲೇ ಮಡಚಿ ಮಡಚಿ ಹಾಸಿದ್ದರು.

ಆ ಮಡಿಕೆಗಳಲ್ಲಿ ಓಡುವಾಗ ತಮಾಷೆಯೊಂದು ನಡೆಯುತ್ತದೆ. ಹದಿನೈದು ನಿಮಿಷದ ಹಿಂದೆ ಕೆಳಗೆ ದಾಟಿಬಂದ ಬಂಡೆ ಈಗಲೂ ಅಲ್ಲೇ ಕಾಲಬುಡದಲ್ಲಿ ಕಾಣುತ್ತದೆ, ಇಷ್ಟು ಹೊತ್ತು ಏನು ಮಾಡಿದೆ ಎಂದು ಕೇಳುವಂತೆ. ಉಸಿರು ಮಾತ್ರ ಎಲ್ಲೂ ತಪ್ಪುವುದಿಲ್ಲ. ಮೊದಮೊದಲು ನನ್ನ ತಾಕತ್ತು ಹೆಚ್ಚಿದೆ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಬಾಯ್ಲರಿನ ಮೇಲೆ ಕರುಣೆಯಿಟ್ಟು ಹಾಕಿದ ದಾರಿಯಲ್ಲಿ ನನ್ನ ಎದೆಗೂಡೂ ಬದುಕಿಕೊಂಡಿದೆ. ಅರ್ಧಕ್ಕಿಂತ ಮೇಲೆ ವೆಸ್ಟ್ ಪಾಯಿಂಟ್ ಇನ್ ಎಂಬ ಮರದ ಕಟ್ಟಡವಿದೆ. 1904ರಲ್ಲಿ ರೈಲಿನವರು ಕಟ್ಟಿಸಿದ್ದು. ರೈಲು ಇಳಿದವರು ಇಲ್ಲಿ ಕುದುರೆ ಸಾರೋಟು ಹತ್ತಿ ಸಮುದ್ರದ ಕಡೆಗೆ ಹೋಗುತ್ತಿದ್ದರು. ಆ ಸಾರೋಟಿನ ದಾರಿಯೂ ಓಲ್ಡ್ ಸ್ಟೇಜ್ ರೋಡ್ ಎಂಬ ಹೆಸರಿನಲ್ಲಿ ಹಾಗೆಯೇ ಇದೆ. ಅದರಲ್ಲಿ ಓಡುವುದು ಇನ್ನೂ ಸುಖ. ಕುದುರೆಗಳ ಮೇಲೂ ಯಾರೋ ಕರುಣೆ ಇಟ್ಟಿದ್ದರು.

1929ರಲ್ಲಿ ಬೆಟ್ಟಕ್ಕೆ ದೊಡ್ಡ ಬೆಂಕಿ ಬಿತ್ತು. ಅಷ್ಟರಲ್ಲಿ ಮೋಟಾರು ರಸ್ತೆಯೂ ಮೇಲಕ್ಕೆ ಬಂದಿತ್ತು. ಮರುವರ್ಷ ರೈಲು ನಿಂತಿತು, ಹಳಿ ಕಿತ್ತರು. ಈಗ ಆ ದಾರಿ ನಡೆಯುವವರು, ಓಡುವವರು, ಸೈಕಲ್ಲಿನವರ ಪಾಲು. (ಮೌಂಟನ್ ಬೈಕ್ ಎಂಬ ಸೈಕಲ್ ರೂಪುಗೊಂಡದ್ದೂ 1970ರ ದಶಕದಲ್ಲಿ ಇದೇ ಮರಿನ್ ಕೌಂಟಿಯ ಬೆಟ್ಟಗಳಲ್ಲಿ. ಹಾಗಾಗಿ ಇಲ್ಲಿನ ಸೈಕಲ್ಲಿನವರಿಗೆ ತಾವು ತವರುಮನೆಯಲ್ಲಿದ್ದೇವೆ ಎಂಬ ಭಾವ ತುಸು ಹೆಚ್ಚು. ತಿರುವಿನಲ್ಲಿ ಬೆಲ್ ಕೇಳಿಸಿದರೆ ನಾನು ಮರುಮಾತಿಲ್ಲದೆ ಅಂಚಿಗೆ ಸರಿಯುತ್ತೇನೆ.)

ಮೆಟ್ಟಿಲು ಎಣಿಸುತ್ತಿದ್ದ ಹೆಂಗಸು

ಎರಡನೆಯ ಭಾನುವಾರದ ದಾರಿ ಡಿಪ್‌ಸೀ. ಇದರ ಕಥೆ ಶುರುವಾಗುವುದು ಒಂದು ಬಾಜಿಯಲ್ಲಿ. 1904ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಲಿಂಪಿಕ್ ಕ್ಲಬ್ಬಿನ ಸದಸ್ಯರಿಬ್ಬರು ಮಿಲ್ ವ್ಯಾಲಿ ನಿಲ್ದಾಣದಿಂದ ಸಮುದ್ರ ದಂಡೆಯಲ್ಲಿ ಆಗತಾನೆ ಎದ್ದಿದ್ದ ಡಿಪ್‌ಸೀ ಇನ್ ಎಂಬ ತಂಗುದಾಣದವರೆಗೆ ಯಾರು ಮೊದಲು ತಲುಪುತ್ತಾರೆ ಎಂದು ಪಂಥ ಕಟ್ಟಿದರು. ಮರುವರ್ಷ, 1905ರಲ್ಲಿ, ಅದೇ ಒಂದು ಸ್ಪರ್ಧೆಯಾಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ ಇಂದಿಗೂ ಪ್ರತಿ ಜೂನ್‌ನಲ್ಲಿ ನಡೆಯುತ್ತಿದೆ. ಪಂಥ ಕಟ್ಟಿದವನಿಗೆ ಏರಿನ ಮೇಲೆ ಕರುಣೆ ಏಕಿರುತ್ತದೆ? ಅವನಿಗೆ ಬೇಕಾದದ್ದು ಹತ್ತಿರದ ದಾರಿ. ಡಿಪ್‌ಸೀ ಬೆಟ್ಟವನ್ನು ಬಳಸುವುದಿಲ್ಲ, ಎದುರಿಗೇ ಹೋಗಿ ಹಾಯುತ್ತದೆ. ಊರು ಮುಗಿಯುವ ಮೊದಲೇ ಮೆಟ್ಟಿಲುಗಳ ಮೂರು ಸಾಲು. ಅಲ್ಲಿಂದ ಮೇಲೆ ಹೋಗಿ ಗಳಿಸಿದ ಎತ್ತರವನ್ನೆಲ್ಲ ಮ್ಯೂರ್ ವುಡ್ಸ್ ಕಣಿವೆಯಲ್ಲಿ ಕಳೆದುಕೊಂಡು, ಹೆಚ್ಚುಕಡಿಮೆ ಹೊರಟ ಎತ್ತರದಿಂದಲೇ ಮತ್ತೆ ಮೊದಲು ಮಾಡಿ 415 ಮೀಟರಿಗೆ ಏರಬೇಕು. ದಾರಿಯ ತುಣುಕುಗಳಿಗೆ ಓಟಗಾರರು ಇಟ್ಟಿರುವ ಹೆಸರುಗಳೇ ಸಾಕು: ಡೈನಮೈಟ್, ಕಾರ್ಡಿಯಾಕ್, ಇನ್ಸಲ್ಟ್. ಕೊನೆಯದು ಎಲ್ಲ ಮುಗಿಯಿತು ಎಂದುಕೊಂಡಾಗ ಎದುರಾಗುವ ಚಿಕ್ಕ ಏರು. ಅವಮಾನ ಎನ್ನುವುದಕ್ಕಿಂತ ಸರಿಯಾದ ಹೆಸರು ಅದಕ್ಕಿಲ್ಲ.

ಆ ದಿನ ಮೆಟ್ಟಿಲುಗಳಲ್ಲಿ ನಡೆದದ್ದನ್ನು ಹೇಳಬೇಕು. ಮನೆಗಳ ನಡುವೆ, ಬೇಲಿಗಳ ಪಕ್ಕದಲ್ಲಿ ಏರುವ ಸಾರ್ವಜನಿಕ ಮೆಟ್ಟಿಲುಗಳು ಅವು. ಬೆಳಗಿನ ಏಳು ಗಂಟೆ, ಕಲ್ಲು ಇನ್ನೂ ಒದ್ದೆ. ನನಗಿಂತ ಮುಂದೆ ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ನೀಲಿ ಟೋಪಿ, ಸವೆದ ಓಟದ ಬೂಟು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಊರಿ, ಬಾಗಿ, ಒಂದೇ ಹದದಲ್ಲಿ ನಡೆಯುತ್ತಿದ್ದರು. ನಾನು ಓಡುತ್ತಲೇ ಬಂದವನು ಹುರುಪಿನಲ್ಲಿ "ಗುಡ್ ಮಾರ್ನಿಂಗ್" ಎಂದು ಪಕ್ಕದಲ್ಲಿ ಹಾದು ಮೇಲೆ ಹೋದೆ. ಮೊದಲ ಸಾಲು ಮುಗಿಯಿತು. ಎರಡನೆಯದರ ನಡುವೆ ಕಾಲು ಓಡುವುದನ್ನು ಬಿಟ್ಟಿತು. ಮೂರನೆಯದರ ಬುಡದಲ್ಲಿ ನಾನು ಕಂಬಿ ಹಿಡಿದು ನಿಂತಿದ್ದಾಗ ಅವರು ಅದೇ ಹದದಲ್ಲಿ ಬಂದರು. ಉಪದೇಶಕ್ಕೆ ಸಿದ್ಧನಾದೆ. ಅವರು ಹೇಳಿದ್ದು ಬೇರೆ: "ನೀವು ಮಾತನಾಡಿಸಿದಿರಿ ನೋಡಿ, ನನ್ನ ಎಣಿಕೆ ತಪ್ಪಿತು."

ಕ್ಷಮೆ ಕೇಳಿದೆ. ಎಷ್ಟಕ್ಕೆ ಬಂದಿದ್ದಿರಿ ಎಂದು ಕೇಳಿದೆ. ಇನ್ನೂರ ಎಂಬತ್ತೋ ತೊಂಬತ್ತೋ ಎಂದರು, ಮುಖದಲ್ಲಿ ನಿಜವಾದ ಬೇಸರವಿತ್ತು. ವರ್ಷಗಳಿಂದ ಎಣಿಸುತ್ತಿದ್ದಾರಂತೆ, ಎರಡು ಸಲ ಒಂದೇ ಸಂಖ್ಯೆ ಬಂದದ್ದಿಲ್ಲವಂತೆ. ಮನೆಗೆ ಹೋಗಿ ಹುಡುಕಿದರೆ ಅವರ ತಪ್ಪೂ ಅಲ್ಲ. ಹಳೆಯ ಬರಹಗಳಲ್ಲಿ 671 ಎಂದಿದೆ, ಈಚಿನವು 688 ಎನ್ನುತ್ತವೆ. ಮೆಟ್ಟಿಲುಗಳನ್ನು ಆಗಾಗ ದುರಸ್ತಿ ಮಾಡಿದ್ದಾರೆ, ಯಾವುದನ್ನು ಮೆಟ್ಟಿಲು ಎನ್ನಬೇಕು ಎಂಬುದರಲ್ಲೇ ತಕರಾರಿಗೆ ಜಾಗವಿದೆ. ಅವರು ಮತ್ತೆ ಬಾಗಿ, ಅಂಗೈ ಊರಿ, "ಒಂದು, ಎರಡು" ಎಂದು ಅಲ್ಲಿಂದಲೇ ಹೊಸದಾಗಿ ಆರಂಭಿಸಿದರು. ನಾನು ಹಿಂದೆ ಹಿಂದೆ ಅವರ ಹದಕ್ಕೆ ಕಾಲು ಸೇರಿಸಿ ನಡೆದೆ. ಆಮೇಲೆ ಅವರು ನನಗೆ ಸಿಕ್ಕಿಲ್ಲ. ಕಾಡಿನ ಇಳಿಜಾರು ಬಂದೊಡನೆ ಹಗುರವಾಗಿ ಓಡಿ ಮರೆಯಾದರು.

ನಡೆಯುವುದು ಸೋಲು ಎಂದು ನನ್ನ ತಲೆಯಲ್ಲಿ ಯಾರು ಕೂರಿಸಿದರೋ ಗೊತ್ತಿಲ್ಲ. ತೀರ ಕಡಿದಾದ ಏರಿನಲ್ಲಿ ಅದೇ ವೇಗಕ್ಕೆ ಓಡುವುದಕ್ಕಿಂತ ನಡೆಯುವುದಕ್ಕೇ ಕಡಿಮೆ ಶಕ್ತಿ ಸಾಕು. ಇದನ್ನು ಅಳತೆ ಮಾಡಿ ನೋಡಿದವರಿದ್ದಾರೆ. ಡಿಪ್‌ಸೀ ಸ್ಪರ್ಧೆಯಲ್ಲೂ ಮೆಟ್ಟಿಲುಗಳಲ್ಲಿ ಬಹುಪಾಲು ಜನ ನಡೆಯುತ್ತಾರೆ. ಆ ಸ್ಪರ್ಧೆಯ ಪದ್ಧತಿಯೇ ಸ್ವಾರಸ್ಯಕರ. ವಯಸ್ಸು ಮತ್ತು ಲಿಂಗ ನೋಡಿ ಮೊದಲೇ ಹೊರಡುವ ಅವಕಾಶ ಕೊಡುತ್ತಾರೆ. ಬಹಳ ಚಿಕ್ಕವರು ಮತ್ತು ಬಹಳ ಹಿರಿಯರು, ಗಟ್ಟಿಮುಟ್ಟಾದ ಯುವಕರಿಗಿಂತ 25 ನಿಮಿಷದವರೆಗೆ ಮೊದಲು ಹೊರಡುತ್ತಾರೆ. 1973ರಲ್ಲಿ ಮೇರಿ ಎಟ್ಟಾ ಬೊಯ್ಟಾನೊ ಎಂಬ ಹತ್ತು ವರ್ಷದ ಹುಡುಗಿ ಗೆದ್ದಳು. ಜ್ಯಾಕ್ ಕರ್ಕ್ ಎಂಬಾತ 1951ರಲ್ಲಿ ಗೆದ್ದು, ಮತ್ತೆ ಹದಿನಾರು ವರ್ಷದ ಮೇಲೆ 1967ರಲ್ಲಿ ಗೆದ್ದ. ತೊಂಬತ್ತು ದಾಟಿದ ಮೇಲೂ ಈ ದಾರಿ ಬಿಡಲಿಲ್ಲ. 2007ರಲ್ಲಿ ತೀರಿಕೊಂಡಾಗ ಅವನಿಗೆ ನೂರು ವರ್ಷ. ಇನ್ನೊಂದು ಸಂಗತಿಯನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಹೆಂಗಸರಿಗೆ ಓಟದ ಸ್ಪರ್ಧೆಗೆ ಅನುಮತಿ ಇಲ್ಲದ ಕಾಲದಲ್ಲಿ, 1918ರಿಂದ 1922ರವರೆಗೆ, ಇದೇ ದಾರಿಯಲ್ಲಿ ಅವರಿಗಾಗಿ ಸ್ಪರ್ಧೆ ನಡೆಯಿತು. ಅದನ್ನು ಓಟ ಎನ್ನದೆ "ಹೈಕ್" ಎಂದು ಕರೆದರು. ಹೆಸರಿಗೆ ನಡಿಗೆ, ಹೆಂಗಸರು ಓಡಿದರು.

ಸಮುದ್ರ ದಂಡೆಯಿಂದ ಹಿಂದಿರುಗುವುದಕ್ಕೆ ಬಸ್ ಇದೆ. ಆ ಕಡೆಯ ಬಸ್ ಸೇವೆಗೆ ಇಟ್ಟ ಹೆಸರು ಸ್ಟೇಜ್‌ಕೋಚ್, ಅಂದರೆ ಅದೇ ಹಳೆಯ ಸಾರೋಟು. ಒದ್ದೆ ಕಾಲುಚೀಲದಲ್ಲಿ ಅದರ ಕೊನೆಯ ಸೀಟಿನಲ್ಲಿ ಕುಳಿತು ಬಂದಿದ್ದೇನೆ.

ಕಟ್ಟದ ನಗರದ ಹೆದ್ದಾರಿ

ಗೆಳೆಯರ ಸಿಟ್ಟು ಇಳಿಸಲು ಮುಂದಿನ ತಿಂಗಳು ನಾನೇ ಜೊತೆಗೆ ಹೋದೆ. ಈ ಸಲ ಬೆಟ್ಟದ ದಕ್ಷಿಣಕ್ಕೆ, ಮರಿನ್ ಹೆಡ್‌ಲ್ಯಾಂಡ್ಸಿನ ಟೆನೆಸ್ಸಿ ವ್ಯಾಲಿ. ಜುಲೈ ತಿಂಗಳು. ಇಲ್ಲಿನ ಬೇಸಿಗೆಯನ್ನು ಅರಿಯದವರು ತೆಳು ಬನಿಯನ್ನಿನಲ್ಲಿ ಬಂದು ನಡುಗುತ್ತಾರೆ, ಅವರೂ ಹಾಗೆಯೇ ಬಂದಿದ್ದರು. ಕರಾವಳಿಯ ಸಮುದ್ರದಲ್ಲಿ ಆಳದ ತಣ್ಣೀರು ಮೇಲೇಳುತ್ತದೆ, ಅದರ ಮೇಲೆ ಹಾಯುವ ತೇವದ ಗಾಳಿ ಕಾವಳವಾಗುತ್ತದೆ. ಒಳನಾಡು ಕಾದು ಗಾಳಿಯನ್ನು ಎಳೆಯುವುದರಿಂದ ಆ ಕಾವಳ ಕಣಿವೆಗಳಲ್ಲಿ ತೂರಿಕೊಂಡು ಬರುತ್ತದೆ. ಹಾಗಾಗಿ ಬಿರುಬೇಸಿಗೆಯಲ್ಲೇ ಇಲ್ಲಿ ಕಾವಳ ದಟ್ಟ. ರೆಡ್‌ವುಡ್ ಮರಗಳು ಬದುಕಿರುವುದೂ ಬಹುಮಟ್ಟಿಗೆ ಇದರಿಂದ. ಅವಕ್ಕೆ ವರ್ಷದಲ್ಲಿ ಸಿಗುವ ನೀರಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕಾವಳದ್ದೇ ಎಂಬ ಅಂದಾಜಿದೆ. ತಿಂಗಳುಗಟ್ಟಲೆ ಮಳೆಯಿಲ್ಲದ ಕಾಲದಲ್ಲೂ ಮರದಡಿಯ ದಾರಿ ಕೆಸರಾಗಿರುತ್ತದೆ, ಎರಡು ಮಾರು ಆಚೆ ಬಯಲಿನಲ್ಲಿ ಧೂಳು ಏಳುತ್ತದೆ.

ನಾವು ಹಿಡಿದದ್ದು ಮರಿನ್‌ಚೆಲ್ಲೊ ಎಂಬ ದಾರಿ. ಹತ್ತು ಮೀಟರ್ ಮುಂದೆ ಏನೂ ಕಾಣದು. ದೂರದಲ್ಲಿ ಹಡಗುಗಳನ್ನು ಎಚ್ಚರಿಸುವ ಗೋಲ್ಡನ್ ಗೇಟ್ ಸೇತುವೆಯ ಕಾವಳದ ಕೊಂಬು ಹಸು ಕೂಗಿದ ಹಾಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗೆಳೆಯರು, "ಇದು ಕಾಲುದಾರಿಯಂತಿಲ್ಲವಲ್ಲ" ಎಂದರು. "ನಾವಿಬ್ಬರು ಅಕ್ಕಪಕ್ಕ ಓಡುತ್ತಿದ್ದೇವೆ, ನನಗೆ ಆಚೆ ಅಂಚೇ ಕಾಣುತ್ತಿಲ್ಲ. ಇಷ್ಟು ಅಗಲ ಯಾರಿಗೆ ಬೇಕಿತ್ತು?" ನಾನು ಆ ದಾರಿಯಲ್ಲಿ ಏಳೆಂಟು ಸಲ ಓಡಿದ್ದೆ, ಒಂದು ಸಲವೂ ಇದನ್ನು ಕೇಳಿಕೊಂಡಿರಲಿಲ್ಲ. ಏರು ಎಲ್ಲೂ ಜಿಗಿಯುವುದಿಲ್ಲ, ತಿರುವುಗಳು ಉದಾರ, ಕಾರಿನ ಸ್ಟೀರಿಂಗ್ ಹಿಡಿದವರಿಗೆ ಹಿತವಾಗುವಂತೆ. ಹಾಗೆನ್ನಿಸಿದ್ದು ಸುಳ್ಳಲ್ಲ ಎಂದು ಮನೆಗೆ ಬಂದು ಓದಿದಾಗ ತಿಳಿಯಿತು.

1960ರ ದಶಕದಲ್ಲಿ ಈ ಗುಡ್ಡಗಳ ಮೇಲೆ ಮರಿನ್‌ಚೆಲ್ಲೊ ಎಂಬ ನಗರ ಎದ್ದು ನಿಲ್ಲಬೇಕಿತ್ತು. 30,000 ಜನರಿಗೆ ಮನೆಗಳು, ಬಹುಮಹಡಿ ಕಟ್ಟಡಗಳು. ಥಾಮಸ್ ಫ್ರೌಜ್ ಎಂಬ ಬಿಲ್ಡರ್, ಬೆನ್ನಿಗೆ ಗಲ್ಫ್ ಆಯಿಲ್ ಕಂಪನಿಯ ಹಣ. ನಗರದ ಹೆಬ್ಬಾಗಿಲಿನ ರಸ್ತೆಗೆ ಗುಡ್ಡ ಕಡಿದದ್ದೂ ಆಯಿತು. ಸ್ಥಳೀಯರು ನ್ಯಾಯಾಲಯಕ್ಕೆ ಹೋದರು, ಪಾಲುದಾರರು ಕಿತ್ತಾಡಿದರು, ಕೆಲಸ ನಿಂತಿತು. 1972ರಲ್ಲಿ ಗೋಲ್ಡನ್ ಗೇಟ್ ರಾಷ್ಟ್ರೀಯ ವಿಹಾರ ಪ್ರದೇಶ ಸ್ಥಾಪನೆಯಾಯಿತು, ಕೊನೆಗೆ ಈ ನೆಲವೂ ಅದರೊಳಕ್ಕೆ ಸೇರಿತು. ಉಳಿದದ್ದು ಆ ರಸ್ತೆ ಮಾತ್ರ, ಈಗ ಅದು ಉದ್ಯಾನದ ಕಾಲುದಾರಿ. ಎಂದೂ ಬಾರದ ಕಾರುಗಳಿಗೆ ಲೆಕ್ಕ ಹಾಕಿದ ಏರನ್ನು ನಾವಿಬ್ಬರು ಉಸಿರು ಕಟ್ಟದೆ ಹತ್ತಿದ್ದೆವು.

ಮೇಲಿನ ಏಣುಗುಡ್ಡ ತಲುಪುವಾಗ ಕಾವಳದ ಪದರ ಮುಗಿಯಿತು. ನಿಧಾನವಾಗಿ ತೆಳುವಾದದ್ದಲ್ಲ, ಬಾಗಿಲು ದಾಟಿದಂತೆ. ಹಿಂದೆ ತಿರುಗಿದರೆ ಬಿಳಿ ಸಮತಲ, ಅದರಿಂದ ಟ್ಯಾಮಲ್‌ಪಾಯಿಸ್ ಒಂದೇ ತಲೆಯೆತ್ತಿ ನಿಂತಿತ್ತು. ಇಲ್ಲಿನ ಮೂಲನಿವಾಸಿಗಳಾದ ಕೋಸ್ಟ್ ಮಿವಾಕ್ ಜನರ ನುಡಿಯಲ್ಲಿ ಆ ಹೆಸರಿಗೆ ಪಡುವಣ ಬೆಟ್ಟ ಎಂದು ಅರ್ಥ ಹೇಳುತ್ತಾರೆ. ಮೈಗೆ ಬಿಸಿಲು ತಾಗಿತು. ಗೆಳೆಯರು ಗಡಿಯಾರ ನೋಡಿಕೊಂಡು, "ಏರು ಚೆನ್ನಾಗಿದೆ, ಆದರೆ ಸ್ವಲ್ಪ ಬೇಸರ ಅಲ್ಲವೇ?" ಎಂದರು. ಡಿಪ್‌ಸೀಗೆ ಬೈದ ಬಾಯಿ ಅದು.

ಏಣಿ

ಆದರೆ ಅವರು ಹೇಳಿದ್ದರಲ್ಲಿ ಹುರುಳಿದೆ. ಕಾಲಿಗೆ ಇಷ್ಟವಾಗುವ ದಾರಿ ಬೇರೆ, ಮನಸ್ಸಿಗೆ ನೆನಪುಳಿಯುವ ದಾರಿ ಬೇರೆ. ನನಗೆ ನೆನಪುಳಿಯುವುದು ಸ್ಟೀಪ್ ರವೀನ್. ಸ್ಟಿನ್ಸನ್ ಬೀಚಿನಿಂದ ಮ್ಯಾಟ್ ಡೇವಿಸ್ ದಾರಿ ಹಿಡಿದು ಪ್ಯಾಂಟೋಲ್ ಎಂಬ ವನಪಾಲಕರ ಠಾಣೆಗೆ ಏರಿ, ಸ್ಟೀಪ್ ರವೀನ್ ಕೊರಕಲಿನಲ್ಲಿ ಇಳಿದರೆ 11 ಕಿಲೋಮೀಟರಿನ ಒಂದು ಸುತ್ತು. ಮ್ಯಾಟ್ ಡೇವಿಸ್ ಎಂಬಾತ ಈ ಬೆಟ್ಟದಲ್ಲಿ ದಾರಿ ಹಾಕುವುದನ್ನೇ ಕೆಲಸ ಮಾಡಿಕೊಂಡಿದ್ದವನು. ಅವನ ದಾರಿ ನಡೆಯುವವರ ಮೊಣಕಾಲನ್ನು ಬಲ್ಲ ದಾರಿ. ಸ್ಟೀಪ್ ರವೀನ್ ಹಾಗಲ್ಲ. ಅಲ್ಲಿ ದಾರಿ ತೋರಿಸಿದ್ದು ವೆಬ್ ಕ್ರೀಕ್ ಎಂಬ ತೊರೆ, ಮನುಷ್ಯರು ಅದರ ಹಿಂದೆ ಹೋಗಿದ್ದಾರೆ ಅಷ್ಟೆ. ಕಾಲುಸಂಕಗಳ ಮೇಲೆ ತೊರೆಯನ್ನು ಮತ್ತೆ ಮತ್ತೆ ದಾಟಬೇಕು. ಒಂದು ಕಡೆ ನೀರು ಬಂಡೆಯಿಂದ ಧುಮುಕುತ್ತದೆ, ಅಲ್ಲಿ ದಾರಿಗೂ ಬೇರೆ ಉಪಾಯವಿಲ್ಲ. ಹತ್ತು ಅಡಿಯ ಮರದ ಏಣಿ ಇಟ್ಟಿದ್ದಾರೆ.

ಓಡುತ್ತ ಬಂದವನು ಏಣಿಯ ತಲೆಯಲ್ಲಿ ನಿಂತು, ಹಿಮ್ಮುಖವಾಗಿ ತಿರುಗಿ, ಕಾಲಿನಿಂದ ಮೆಟ್ಟಿಲು ತಡಕುತ್ತ ಇಳಿಯಬೇಕು. ಹಿಡಿಕೆ ಸದಾ ಒದ್ದೆ, ಸಾವಿರ ಅಂಗೈಗಳು ಉಜ್ಜಿ ನುಣುಪಾಗಿದೆ. ಜನ ಕೆಳಗಿನಿಂದ ಬರುತ್ತಿದ್ದರೆ ಕಾಯಬೇಕು. ಒಂದು ಸಲ ಹನ್ನೊಂದು ನಿಮಿಷ ಕಾದೆ. ಚಿಕ್ಕ ಹುಡುಗನೊಬ್ಬ ನಡುವೆ ನಿಂತು ಜಲಪಾತಕ್ಕೆ ಕೈ ಚಾಚಿ, ತಾಯಿ ಎಷ್ಟು ಕರೆದರೂ ಮೇಲೆ ಬರಲೊಲ್ಲ. ಮನೆಗೆ ಬಂದು ನೋಡಿದರೆ ಆ ದಿನದ ವೇಗದ ನಕ್ಷೆಯಲ್ಲಿ ಅಲ್ಲೊಂದು ಗುಂಡಿ. ಅದೇ ಜಾಗದಲ್ಲಿ ಪ್ರತಿ ಸಲವೂ ಚಿಕ್ಕದೋ ದೊಡ್ಡದೋ ಗುಂಡಿ ಬೀಳುತ್ತದೆ.

ಅಪಾಯದ ಮಾತೂ ಇರಲಿ. ದಾರಿಯಂಚಿನಲ್ಲಿ ಮೂರು ಮೂರು ಎಲೆಯ ಪಾಯ್ಸನ್ ಓಕ್ ಬೆಳೆದು ಮೊಣಕಾಲಿಗೆ ಸವರುತ್ತದೆ. ಗೇರು, ಮಾವಿನ ಕುಟುಂಬದ್ದೇ ಗಿಡ. ಮಾವಿನ ಸೊನೆ ತಗುಲಿ ತುಟಿ ಊದಿಕೊಂಡವರಿಗೆ ಇದರ ಪರಿಚಯ ಅರ್ಧ ಆಗಿಯೇ ಇದೆ. ಇದರ ಎಣ್ಣೆ ಬೂಟಿನ ದಾರದಲ್ಲಿ ಕುಳಿತು, ಮರುವಾರ ದಾರ ಬಿಚ್ಚಿದ ಬೆರಳಿಗೂ ಹತ್ತುತ್ತದೆ. ಇಳಿದ ತಕ್ಷಣ ಸೋಪು ಹಾಕಿ ತಣ್ಣೀರಿನಲ್ಲಿ ತೊಳೆಯಬೇಕು. ಇನ್ನು ಉದ್ಯಾನದ ಬಾಗಿಲಿನ ಫಲಕ: ಮೌಂಟನ್ ಲಯನ್ (ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು) ಕಂಡರೆ ಓಡಬೇಡಿ, ಓಡಿದರೆ ಅದಕ್ಕೆ ಅಟ್ಟುವ ಮನಸ್ಸಾಗುತ್ತದೆ. ಓಡುವ ಬಟ್ಟೆ ತೊಟ್ಟು ಅದನ್ನು ಓದುವಾಗ ಪ್ರತಿ ಸಲವೂ ನಗು ಬರುತ್ತದೆ, ಸ್ವಲ್ಪ ಹೊತ್ತು.

ಮೊನ್ನೆ ಗೆಳೆಯರು ಮತ್ತೆ ರೂಟ್ ಕೇಳಿದರು. ಈ ಸಲ ಕಡತ ಕಳುಹಿಸಲಿಲ್ಲ. ಮಿಲ್ ವ್ಯಾಲಿ ಚೌಕದಿಂದ ಒಂದು ರೈಲಿನ ದಾರಿ, ಒಂದು ಬಾಜಿಯ ದಾರಿ. ಹೆಡ್‌ಲ್ಯಾಂಡ್ಸಿನಲ್ಲಿ ಕಾರಿನ ದಾರಿ, ನಿಮಗೆ ಗೊತ್ತೇ ಇದೆ. ಸ್ಟಿನ್ಸನ್ನಿನಿಂದ ತೊರೆಯ ದಾರಿ, ಅದರಲ್ಲಿ ಒಂದು ಏಣಿ ಇದೆ ಎಂದು ಬರೆದೆ. ಕಿಲೋಮೀಟರ್ ಎಷ್ಟು ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. "ಏಣಿ ಗಟ್ಟಿಯಾಗಿದೆಯೇ? ಮಗಳನ್ನು ಕರೆದುಕೊಂಡು ಬರುತ್ತೇನೆ, ಎಂಟು ವರ್ಷ" ಎಂದು ಉತ್ತರ ಬಂತು. ಗಟ್ಟಿಯಾಗಿದೆ, ಉದ್ದ ಪ್ಯಾಂಟ್ ಹಾಕಿಸಿ, ಎಂದು ಬರೆದೆ.